ಮಂಗ ಒಯ್ದ ಸಾಮಾನಿನ ಅಂಗಡಿ

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನಮ್ಮ ದೊಡ್ಡವ್ವನಿಗೆ ಗುಹೆ ತೋರಿಸುತ್ತೇನೆಂದು ಹುನಗುಂದದಿಂದ ಬಾದಾಮಿಗೆ ಕರೆತಂದಿದ್ದೆ. ಹುರುಪೆಲ್ಲ ನನ್ನದೇ. ಆಕೆ ಬಂದದ್ದು ನನ್ನ ಮನಸ್ಸು ನೋಯಬಾರದೆಂದು.

ಬಸ್ಸಿನ ನೂಕಾಟದಲ್ಲಿ ಆಕೆಯ ಕೊರಳಿನ ಶಿವದಾರ ಹರಿಯಿತು. ಇಳಿದ ಕೂಡಲೇ ಹೊಸ ದಾರ ಹುಡುಕೋಣ ಎಂದಳು. ನನಗೋ ಬಿಸಿಲೇರುವ ಮೊದಲು ಗುಹೆ ಹತ್ತುವ ಅವಸರ. ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ರೊಟ್ಟಿ ಗಂಟಿನ ಚೀಲದಲ್ಲಿಟ್ಟುಕೋ, ದಾರ ಆಮೇಲೆ ನೋಡೋಣ ಎಂದು ಗದರಿದೆ. ಅರ್ಧ ಮೆಟ್ಟಿಲು ಹತ್ತಿದ್ದೆವು, ಒಂದು ಮಂಗ ಆ ಚೀಲವನ್ನೇ ಕಸಿದುಕೊಂಡು ಊರಿನ ಮಾಳಿಗೆಗಳ ಕಡೆ ಹಾರಿತು.

ದೊಡ್ಡವ್ವ ಅಳಲಿಲ್ಲ. ಕೆಳಗಿಳಿದು ಬೇವಿನ ನೆರಳಲ್ಲಿ ಕೂತು, "ಲಿಂಗ ಸಿಗೂತನಕ ನಾ ಹನಿ ನೀರು ಮುಟ್ಟೂದಿಲ್ಲ," ಎಂದಳು. ನಾಲ್ಕು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅರವತ್ತು ದಾಟಿದ ಜೀವ, ಆ ಬಿಸಿಲು. ನನಗೆ ಭಯವಾಯಿತು.

ಓಣಿ ಓಣಿ ಅಲೆದೆ. ಮಾಳಿಗೆ ಹತ್ತಿ ಇಳಿದೆ. ಮಂಗ ಬಿಸಾಡಿದರೂ ಬೆಳ್ಳಿ ಕಂಡವರು ಬಿಟ್ಟಾರೆಯೇ ಎಂದು ಆಸೆ ಬಿಡುವ ಹೊತ್ತಿಗೆ ಮಧ್ಯಾಹ್ನ ಮೂರಾಗಿತ್ತು. ಆಗ ಒಂದು ಸಂದಿಯಲ್ಲಿ ಛತ್ರಿ ರಿಪೇರಿ ಅಂಗಡಿ ಕಂಡಿತು. ಮಳೆಯೇ ಅಪರೂಪವಾದ ಊರಿನಲ್ಲಿ ಛತ್ರಿ ರಿಪೇರಿ! ಬಾಗಿಲ ಪಕ್ಕದ ಹಲಗೆಯ ಮೇಲೆ ಸುಣ್ಣದಲ್ಲಿ ಬರೆದಿತ್ತು: "ಮಂಗ ಒಯ್ದ ಸಾಮಾನು ಇಲ್ಲಿ ಕೇಳಿರಿ."

ಒಳಗಿನ ಗೋಡೆ ತುಂಬ ಮೊಳೆಗಳು. ಒಂದು ಕಿವಿಯ ಕಡ್ಡಿಯಿಲ್ಲದ ಚಾಳೀಸು ಕನ್ನಡಕ, ಒಂಟಿ ಚಪ್ಪಲಿ, ಕೂಸಿನ ಕುಲಾಯಿ, ಯಾರದೋ ಹಲ್ಲಿನ ಸೆಟ್ಟು ಕೂಡ ತೂಗುತ್ತಿತ್ತು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಕರಡಿಗೆ ಮಾತ್ರ ಯಾವ ಮೊಳೆಯಲ್ಲೂ ಇರಲಿಲ್ಲ.

ಬಿಳಿ ಗಡ್ಡ, ಹೆಣೆದ ಟೋಪಿಯ ಮುದುಕ ನನ್ನ ಮಾತು ಮುಗಿಯುವ ಮೊದಲೇ ಎದ್ದು ಕೈ ತೊಳೆದ. ಮೇಲಿನ ಹಲಗೆಯಿಂದ ಒಂದು ಹಿತ್ತಾಳೆ ತಟ್ಟೆ ಇಳಿಸಿದ. ಮಡಿಸಿದ ಬಿಳಿ ಬಟ್ಟೆಯೊಳಗೆ ದೊಡ್ಡವ್ವನ ಕರಡಿಗೆ ಇತ್ತು. ನನಗೆ ಹೋದ ಜೀವ ಬಂದಂತಾಯಿತು.

ಓಡಿಹೋಗಿ ದೊಡ್ಡವ್ವನನ್ನು ಅಲ್ಲಿಗೇ ಕರೆತಂದೆ. ಮುದುಕ ಛತ್ರಿ ಹೊಲಿಯುವ ದಾರವನ್ನು ಮೂರು ಎಳೆ ಮಾಡಿ ಹೊಸೆದುಕೊಟ್ಟ. ಆಕೆ ಅಂಗಡಿಯ ಮೂಲೆಯಲ್ಲೇ ಕೂತು ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮುಗಿಸಿ, ಕೊರಳಿಗೆ ಕಟ್ಟಿಕೊಂಡಳು. ಹೋಟೆಲಿನಿಂದ ನೀರು ತರಿಸಲೇ ಎಂದು ಆತ ಸಂಕೋಚದಿಂದ ಕೇಳಿದ. ಮೂಲೆಯಲ್ಲಿದ್ದ ಆತನ ಮಣ್ಣಿನ ಗಡಿಗೆಯನ್ನೇ ಆಕೆ ತೋರಿಸಿದಳು.

ಒಂದು ತಂಬಿಗೆ ಪೂರ್ತಿ ಆಕೆ ಕುಡಿಯುವವರೆಗೆ ಆತ ನಿಂತೇ ಇದ್ದ. ಆಮೇಲೆ ತನಗೂ ಬಗ್ಗಿಸಿಕೊಂಡು ಒಂದೇ ಉಸಿರಿಗೆ ಕುಡಿದ.

"ಮುಂಜಾನೆ ಇದು ಸಿಕ್ಕಾಗಿಂದ ನಾನೂ ನೀರು ಕುಡಿದಿಲ್ರಿ," ಎಂದ. "ಯಾರೋ ಒಬ್ಬರು ಬಾಯಿ ಒಣಗಿಸಿಕೊಂಡು ಕುಂತಿರ್ತಾರ ಅಂತ ಗೊತ್ತಿತ್ತರಿ."

ನನಗೂ ಒಂದು ಲೋಟ ಕೊಟ್ಟ. ಹುಡುಕುವ ನಡುವೆ ಎರಡು ಸೋಡಾ ಕುಡಿದಿದ್ದೆನೆಂದು ಹೇಳುವ ಧೈರ್ಯವಾಗದೆ ಅದನ್ನೂ ಕುಡಿದೆ.