ಜಾವಳದ ಊಟಕ್ಕೆ ಎಷ್ಟು ಮಂದಿ

ಆ ಭಾನುವಾರ ಅಣ್ಣನ ಮಗನ ಜಾವಳ. ವಿಧಾನಸಭೆ ಚುನಾವಣೆಗೆ ಇನ್ನು ಒಂಬತ್ತು ದಿನ. ಅಕ್ಕಲಕೋಟದ ಹತ್ತಿರದ ನಮ್ಮೂರಲ್ಲಿ, ಮನೆ ಮುಂದೆ ಅಪ್ಪ ಕಟ್ಟಿಸಿದ ಬ್ಯಾನರಿನಲ್ಲಿ ಕೂದಲು ತೆಗೆಸಿಕೊಳ್ಳುವ ಕೂಸಿನ ಫೋಟೊ ಅಂಗೈಯಷ್ಟು, ಉಮೇದವಾರರದು ಬಾಗಿಲಷ್ಟು. ಅವರು ಬಂದು ತಲೆಗೆ ಫೇಟಾ ಸುತ್ತಿಸಿಕೊಂಡು, ಎರಡು ತುತ್ತು ಹುಗ್ಗಿ ಉಂಡು ಹೋದರು. ಅವರ ಕಾರ್ಯಕರ್ತನೊಬ್ಬ ಇನ್ನೂ ಉಣ್ಣುತ್ತಿದ್ದ.

ಆಗ ಬಂತು ಇನ್ನೊಂದು ಜೀಪು. ಉಮೇದವಾರರ ಖರ್ಚು ನೋಡುವ ಸರಕಾರಿ ತಂಡ. ಒಬ್ಬ ಸಾಹೇಬರು, ಕ್ಯಾಮೆರಾ ಹಿಡಿದವನೊಬ್ಬ.

“ಕಾಕಾ, ಊಟಕ್ಕ ಎಷ್ಟ ಮಂದಿ ಬಂದಿದ್ರು?”

ಬೀಗರೆಲ್ಲ ಕೇಳುತ್ತಿದ್ದರು. “ಎರಡ ಸಾವಿರ ಹಿಡೀರಿ ಸಾಹೇಬ್ರ!” ಅಂದ ಅಪ್ಪ. ನಮ್ಮಲ್ಲಿ ಕಾರ್ಯಕ್ಕೆ ಬಂದ ಮಂದಿಯನ್ನು ಯಾರೂ ಇದ್ದಷ್ಟೇ ಹೇಳುವುದಿಲ್ಲ.

“ಎರಡ ಸಾವಿರ ಊಟ ಉಮೇದವಾರರ ಖರ್ಚಿಗಿ ಹಚ್ಚು,” ಎಂದರು ಸಾಹೇಬರು, ಕ್ಯಾಮೆರಾದವನಿಗೆ.

ಕಾರ್ಯಕರ್ತ ಎಂಜಲು ಕೈಯಲ್ಲೇ ಎದ್ದ. “ಮಾಮಾ, ನಮ್ಮ ಕುತ್ತಿಗಿಗೇ ತಂದ್ರೆಲ್ಲ! ಸಾಹೇಬ್ರ, ಇದು ಇವ್ರ ಮನಿ ಕಾರ್ಯ. ನಮಗ ಸಂಬಂಧಿಲ್ಲ.”

“ಹೌದಾ? ಹಂಗಾರ ಬ್ಯಾನರದಾಗ ಯಾರ ಜಾವಳ ಐತಿ, ನಿಮ್ಮ ಉಮೇದವಾರರದಾ?” ಸಾಹೇಬರು ಅಪ್ಪನ ಕಡೆ ತಿರುಗಿದರು. “ಓಟಿಗಾಗಿ ಮಂದಿಗಿ ಉಣಿಸಿದಂಗ ಆತು ಕಾಕಾ. ನಿಮ್ಮ ಮ್ಯಾಲ ಕೇಸ್ ಆಗ್ತದ.”

ಅಪ್ಪ ತಲೆಯ ಫೇಟಾ ತೆಗೆದು ಎದೆಗೆ ಹಿಡಿದುಕೊಂಡ. ಬೀಗರ ಮುಂದೆ ಅವನ ಮಾತು ಸುಳ್ಳು ಮಾಡಲು ನನಗೆ ಹೆದರಿಕೆ. ಸುಮ್ಮನಿದ್ದರೆ ಅವನನ್ನು ಜೀಪು ಹತ್ತಿಸಿಯಾರೆಂಬ ಹೆದರಿಕೆ.

“ಮುನ್ನೂರ ಹನ್ನೆರಡ್ರಿ,” ಅಂದೆ.

ಎಲ್ಲವನ್ನೂ ಎಣಿಸುವುದು ನನ್ನ ಚಟ. ನೂರರ ಐದು ಕಟ್ಟು ಪತ್ರಾವಳಿ ತಂದಿದ್ದೆವು. ಒಂದು ಕಟ್ಟು ಬಿಚ್ಚಿರಲಿಲ್ಲ, ಇನ್ನೊಂದರಲ್ಲಿ ಎಂಬತ್ತೆಂಟು ಉಳಿದಿದ್ದವು. ಕ್ಯಾಮೆರಾದ ಮುಂದೆ ಎಣಿಸಿ ತೋರಿಸುವಾಗ ಎರಡು ಸಲ ಲೆಕ್ಕ ತಪ್ಪಿ ಮೊದಲಿನಿಂದ ಶುರುಮಾಡಿದೆ. ಅಪ್ಪ ನೆಲ ನೋಡುತ್ತಿದ್ದ.

ಮರುದಿನ ಅಕ್ಕಲಕೋಟದ ತಹಸೀಲ ಕಚೇರಿಗೆ ಖರ್ಚು ನಮ್ಮದೇ ಎಂದು ತೋರಿಸಲು ಕಿರಾಣಿ ಅಂಗಡಿಯ, ಮಂಟಪ ಹಾಕಿದವನ ಬಿಲ್ಲು ಒಯ್ದೆವು. ಬ್ಯಾನರು ಉಮೇದವಾರರ ಖರ್ಚಿಗೆ ಹೋಯಿತು. ಊಟದ ಮಾತು ಮುಗಿಯಲಿಲ್ಲ. “ವರಿಷ್ಠರು ನೋಡ್ತಾರ,” ಎಂದರು ಕಚೇರಿಯವರು, “ಕೇಸ್ ಆದ್ರ ಫೋನ್ ಮಾಡ್ತೀವಿ.”

ಮತದಾನ ಮುಗಿದು ಹನ್ನೊಂದು ದಿನವಾಯಿತು. ಇವತ್ತು ಫೋನು ರಿಂಗಾದಾಗ ಅಪ್ಪನ ಕೈಯಲ್ಲಿನ ರೊಟ್ಟಿ ಹಾಗೇ ನಿಂತಿತು. ಸೋಲಾಪುರದ ವಿಜಾಪುರ ರಸ್ತೆಯ ಮಾವಶಿ, ಅವ್ವನ ತಂಗಿ. ಜಾವಳಕ್ಕೆ ಬರಲಾಗಿರಲಿಲ್ಲ ಅವಳಿಗೆ.

“ಮಂದಿ ಭಾಳ ಬಂದಿದ್ರಂತ? ಎಷ್ಟಾಗಿದ್ರು?”

ಅಪ್ಪ ಫೋನನ್ನು ನನ್ನ ಕೈಗೆ ಕೊಟ್ಟ.