ಸೊಸೆಯ ಸಿನಿಮಾದಲ್ಲಿ ನಾನೇ ವಿಲನ್

"ಅತ್ತಿ, ನೀವು ಆ್ಯಕ್ಟಿಂಗ್ ಮಾಡೂದು ಬ್ಯಾಡ್ರಿ. ಮನ್ಯಾಗ ಹೆಂಗ ಇರ್ತೀರೋ ಹಂಗ ಇರ್ರಿ, ಸಾಕು" ಅಂದಿದ್ದಳು ಸೊಸೆ ರೇಣುಕಾ. ನಾನು ಹಾಗೇ ಇದ್ದೆ. ಆಮೇಲೆ ಗೊತ್ತಾಯಿತು, ಅದು ಸೈಕಾಲಾಜಿಕಲ್ ಥ್ರಿಲ್ಲರ್. ಹೆದರಿಸುವವಳು ನಾನು!

ಯಾವ ಅತ್ತೆಗೆ ಸಿಕ್ಕೀತು ಹೇಳಿ ಇಂಥ ಭಾಗ್ಯ?

ರೇಣುಕಾ ಗದಗದ ಕಡೆಯವಳು. ನನ್ನ ಮಗನನ್ನು ಮದುವೆಯಾಗಿ ಕುಮಟಾದ ನಮ್ಮ ಕೊಂಕಣಿ ಮನೆಗೆ ಬಂದು ಎರಡು ವರ್ಷವಾಯಿತು. ಇಲ್ಲಿ ಸ್ಟುಡಿಯೋ ಒಂದರಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುತ್ತಾಳೆ. ಈ ಕಡೆಯ ಅದೆಷ್ಟೋ ಮದುಮಕ್ಕಳ ಮೇಲೆ ಗುಲಾಬಿ ದಳ ಸುರಿಸಿದ್ದಾಳೆ (ಕಂಪ್ಯೂಟರಿನಲ್ಲಿ). "ಇದನ್ನ ಬಿಟ್ಟು ನನಗ ಬ್ಯಾರೆ ಏನರ ಬರ್ತೈತಿ ಅಂತ ಒಮ್ಮೆ ತೋರಿಸಬೇಕ್ರಿ" ಅನ್ನುತ್ತಿದ್ದಳು. ಹೊನ್ನಾವರದಲ್ಲಿ ಕಿರುಚಿತ್ರ ಸ್ಪರ್ಧೆ ಇದೆ ಎಂದು ಗೊತ್ತಾದದ್ದೇ ತಡ, ಕ್ಯಾಮೆರಾ ಎತ್ತಿಕೊಂಡಳು.

ಕಥೆ ಇಷ್ಟೇ. ಬಯಲುಸೀಮೆಯ ಹುಡುಗಿ ಭಟ್ಕಳಕ್ಕೆ ನರ್ಸ್ ಆಗಿ ಬರುತ್ತಾಳೆ. ಬಾಡಿಗೆ ಕೋಣೆ. ಬಾಗಿಲಾಚೆ ಮನೆಯವರು ಸದಾ ಕೊಂಕಣಿಯಲ್ಲಿ ಏನೋ ಮಾತಾಡುತ್ತಾರೆ. ತನ್ನ ಬಗ್ಗೆಯೇ ಇರಬೇಕು, ಏನೋ ಸಂಚು ನಡೆದಿದೆ ಎಂದು ಅವಳಿಗೆ ಅನುಮಾನ. ಅನುಮಾನ ದಿನದಿನಕ್ಕೂ ಭಯವಾಗಿ ಬೆಳೆಯುತ್ತದೆ.

ಶೂಟಿಂಗ್ ಭಟ್ಕಳದ ಹತ್ತಿರ ಬೆಳಕೆಯ ನನ್ನ ತಮ್ಮನ ಮನೆಯಲ್ಲಿ. ಮನೆಯೊಡತಿ ನಾನು. ಮನೆಯಲ್ಲಿದ್ದ ಹಾಗೇ ಇರಿ ಅಂದಿದ್ದಳಲ್ಲ ರೇಣುಕಾ, ತಮ್ಮನ ಹೆಂಡತಿಗೆ ಕೊಂಕಣಿಯಲ್ಲಿ ಹೇಳಿದೆ: ಆ ಹುಡುಗಿ ಬೆಳಿಗ್ಗೆಯಿಂದ ಏನೂ ತಿಂದ ಹಾಗಿಲ್ಲ, ಅವಳಿಗೂ ಬಂಗಡೆ ತೆಗೆದಿಡು. (ನರ್ಸ್ ಪಾತ್ರ ಮಾಡಿದ ಹುಡುಗಿ ನಿಜಕ್ಕೂ ತಿಂದಿರಲಿಲ್ಲ ಪಾಪ, ಮುಖ ಬಾಡಿತ್ತು.)

ರೇಣುಕಾ ಇದಕ್ಕೆ ಬೇಕೆಂದೇ ಸಬ್‌ಟೈಟಲ್ ಹಾಕಲಿಲ್ಲ. ನರ್ಸಿಗೆ ತಿಳಿಯದ್ದು ನೋಡುವವರಿಗೂ ತಿಳಿಯಬಾರದು, ಆಗಲೇ ನರ್ಸಿನ ಭಯ ಅವರಿಗೂ ತಾಗುತ್ತದೆ ಎಂಬುದು ರೇಣುಕಾಳ ಲೆಕ್ಕಾಚಾರ. ಗದಗದಲ್ಲಾದರೆ ಸರಿ. ಆದರೆ ಚಿತ್ರದ ಮೊದಲ ಶೋ ನಡೆದದ್ದು ಕುಮಟಾದ ನಮ್ಮ ಮನೆ ಹಾಲ್‌ನಲ್ಲಿ, ನೆರೆಹೊರೆಯವರ ಮುಂದೆ! ಇಲ್ಲಿ ಕೊಂಕಣಿ ಯಾರಿಗೆ ಬಾರದು? ಕನ್ನಡ ಮನೆಯವರೂ ಮೀನು ಪೇಟೆಗೆ ಹೋದರೆ ಕೊಂಕಣಿಯಲ್ಲೇ ಚೌಕಾಸಿ ಮಾಡುತ್ತಾರೆ.

ಪರದೆಯ ಮೇಲೆ ಹುಡುಗಿ ಬಾಗಿಲಿಗೆ ಕಿವಿಯಿಟ್ಟು ನಡುಗುತ್ತಿದ್ದಾಳೆ. ನನ್ನ ಮಾತು ಕೇಳಿತು. ಹಾಲ್ ತುಂಬಾ ನಗು.

"ಅಯ್ಯೋ, ಮೀನು ತೆಗೆದಿಡು ಹೇಳ್ತಿದ್ರಪ್ಪ! ಇದಕ್ಕೆ ಹೆದ್ರೂದು ಎಂತಕ್ಕೆ?" ಅಂದಳು ಪಕ್ಕದ ಮನೆ ಶಾಲಿನಿ.

ರೇಣುಕಾ ಲ್ಯಾಪ್‌ಟಾಪ್ ಮುಚ್ಚಿದಳು. "ಮದುವಿ ವಿಡಿಯೋನ ನನಗ ಸರಿ ಬಿಡ್ರಿ" ಎಂದು ಒಳಗೆ ಹೋದಳು. ನನಗೆ ನಕ್ಕವರ ಮೇಲೆ ಸಿಟ್ಟು ಬಂತು. ಚಹಾ ಕೊಡದೆ ಕಳಿಸಲೇ ಅನ್ನಿಸಿತು (ಕೊಟ್ಟೆ, ಸಕ್ಕರೆ ಕಡಿಮೆ ಹಾಕಿ).

ಮಾರನೆಯ ದಿನ ಅವಳ ಕೋಣೆಗೆ ಹೋಗಿ ಕೇಳಿದೆ, "ಎಂತ ಮಾಡ್ತೆ ಈಗ?"

"ಮಾತು ತಿಳಿದ್ರೂ ಹೆದರಿಕಿ ಆಗಬೇಕ್ರಿ ಅತ್ತಿ. ಹಂಗ ಮಾಡ್ತೀನಿ" ಅಂದಳು. ನನ್ನ ಸೊಸೆ ಅಂದರೆ ಸೊಸೆ!

ಮತ್ತೆ ಬೆಳಕೆಗೆ ಹೋದೆವು. ಈ ಸಲ ಕ್ಯಾಮೆರಾ ಅಡುಗೆಮನೆಯ ಹೊಸ್ತಿಲು ದಾಟಲೇ ಇಲ್ಲ. ಕಿಟಕಿಯ ಸರಳಿನಾಚೆಯಿಂದ ನಮ್ಮನ್ನು ನೋಡಿತು. ನಮ್ಮ ಮುಖಗಳೆಲ್ಲ ಮಸುಕು, ಬರೀ ಕೈ, ಬಳೆ, ಮೀನು ಕೊಯ್ಯುವ ಮೆಟ್ಟುಗತ್ತಿ. ಹುಡುಗಿ ಯಾವಾಗಲೂ ಫ್ರೇಮಿನ ಒಂದು ಮೂಲೆಯಲ್ಲಿ. ಉಳಿದಿದ್ದೆಲ್ಲ ಖಾಲಿ ಗೋಡೆ. ನಮ್ಮ ದನಿಯನ್ನು ರೇಣುಕಾ ನೀರೊಳಗಿಂದ ಕೇಳುವಷ್ಟು ಮಂದ ಮಾಡಿದಳು. ಹುಡುಗಿಯ ಉಸಿರಿನ ಸದ್ದು ಮಾತ್ರ ನೋಡುವವರ ಕಿವಿಯ ಪಕ್ಕದಲ್ಲೇ. ಹುಡುಗಿ ಹತ್ತಿರ ಬಂದ ಕೂಡಲೇ ಒಳಗಿನ ಮಾತು ನಿಲ್ಲುತ್ತದೆ. ಅಷ್ಟೇ. ನನ್ನನ್ನು ಕಂಡು ನನಗೇ ಹೆದರಿಕೆಯಾಯಿತು!

ಹೊನ್ನಾವರದ ಸಭಾಂಗಣದಲ್ಲಿ ಕೂತವರೆಲ್ಲ ನಮ್ಮ ಕಡೆಯವರೇ. ಎಲ್ಲರಿಗೂ ಕೊಂಕಣಿ ಬರುತ್ತದೆ. ಒಬ್ಬರೂ ಕೆಮ್ಮಲಿಲ್ಲ. ಕೊನೆಗೆ ಹುಡುಗಿ ಬಾಗಿಲು ತಳ್ಳುತ್ತಾಳೆ. ಕ್ಯಾಮೆರಾ ಮೊದಲ ಸಲ ಅಡುಗೆಮನೆಯೊಳಗೆ ಬರುತ್ತದೆ. ಮಸುಕು ಹೋಗಿ ನನ್ನ ಮುಖ ಕಾಣುತ್ತದೆ. ಮಾತು ಸ್ಪಷ್ಟವಾಗಿ ಕೇಳುತ್ತದೆ: ಅವಳಿಗೂ ಬಂಗಡೆ ತೆಗೆದಿಡು.

ಈ ಸಲ ಯಾರೂ ನಗಲಿಲ್ಲ. ಹಿಂದೆ ಕೂತಿದ್ದ ಶಾಲಿನಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಎರಡನೇ ಬಹುಮಾನ ಬಂತು. (ಮೊದಲನೆಯದು ಬಂದ ಚಿತ್ರದಲ್ಲಿ ಡ್ರೋನ್ ಶಾಟ್ ಬಿಟ್ಟರೆ ಎಂತದೂ ಇರಲಿಲ್ಲ. ಅತ್ತೆಗೆ ಇಷ್ಟೂ ಹೊಟ್ಟೆಕಿಚ್ಚು ಇರಬಾರದೇ?) ಸಿಕ್ಕಸಿಕ್ಕವರಿಗೆಲ್ಲ, "ಡೈರೆಕ್ಟರ್ ನಮ್ಮ ಸೊಸೆ" ಅಂದೆ. ಕೇಳದವರಿಗೂ ಅಂದೆ.

ವಾಪಸ್ ಬರುವಾಗ ಕಾರಿನಲ್ಲಿ ಕೇಳಿದೆ, "ಆ ಸದ್ದೆಲ್ಲ ಹಂಗೇ ಕೇಳ್ಬೇಕು ಅಂತ ನಿಂಗೆ ಹೆಂಗೆ ಹೊಳೀತೇ?"

ರೇಣುಕಾ ಕಿಟಕಿಯಾಚೆ ನೋಡುತ್ತ ನಕ್ಕಳು. "ಹೊಳಿಯೂದೇನೈತ್ರಿ? ನಾ ಮದುವಿ ಆಗಿ ಬಂದ ಹೊಸದಾಗಿ ನಮ್ಮ ಅಡಗಿಮನಿ ಮಾತು ನನಗ ಹಂಗ ಕೇಳತಿತ್ರಿ."

ನಮ್ಮ ಅಡಗಿಮನಿ ಅಂದಳು, ಗಮನಿಸಿದಿರಾ? ಎದೆ ಉಬ್ಬಿತು. ಹಾಗೇ ಒಂದು ಪ್ರಶ್ನೆಯೂ ಹುಟ್ಟಿತು, ಅದನ್ನು ನಿಮಗೂ ದಾಟಿಸುತ್ತೇನೆ: ನಿಮ್ಮ ಅಡುಗೆಮನೆಯ ಮಾತು ಬಾಗಿಲಾಚೆ ನಿಂತವರಿಗೆ ಹೇಗೆ ಕೇಳುತ್ತಿದೆ?