ಮೂರು ಟಯರು, ಒಂದು ಹಲಗೆ

ಮೋನಪ್ಪಣ್ಣನ ಮುಖಕ್ಕಿಂತ ಅವರ ಬೆನ್ನೇ ನನಗೆ ಹೆಚ್ಚು ಪರಿಚಿತ. ಬಂಟ್ವಾಳದ ಹೆದ್ದಾರಿ ಬದಿಯ ಅವರ ಗ್ಯಾರೇಜಿಗೆ ಯಾರೇ ಬರಲಿ, ಮೊದಲು ಕಾಣಿಸುತ್ತಿದ್ದುದು ಬಾನೆಟ್ಟಿನೊಳಕ್ಕೆ ಬಗ್ಗಿದ ಆ ಅಗಲವಾದ ಬೆನ್ನು, ಬೆವರಿಗೆ ಕಪ್ಪಾದ ಖಾಕಿ ಅಂಗಿ. ಉತ್ತರಗಳು ಎಂಜಿನಿನ ಒಳಗಿಂದ ಬರುತ್ತಿದ್ದವು. ಹಳೆಯ ಕಾರು ಕೊಳ್ಳುವವರು ವಿಟ್ಲದಿಂದಲೂ ಬೆಳ್ತಂಗಡಿಯಿಂದಲೂ ಅವರನ್ನು ಹುಡುಕಿಕೊಂಡು ಬಂದು, ಆ ಬೆನ್ನಿನಿಂದ ಬೈಸಿಕೊಂಡು, ಅವರು ಬೇಡವೆಂದ ಕಾರನ್ನು ಬಿಟ್ಟು ಹೋಗುತ್ತಿದ್ದರು. ಬೇಡವೆಂದದ್ದನ್ನೇ ಕೊಂಡವಳು ನಾನೊಬ್ಬಳೇ ಇರಬೇಕು. ಅವರನ್ನು ನಾನು ಮೆಚ್ಚಿಕೊಂಡಿದ್ದೆ ಎಂದು ಈಗ ಬರೆದರೆ ಅದು ಸುಳ್ಳಾಗುತ್ತದೆ.

ನಾನು ಮೂಡುಬಿದಿರೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಮ್ಮ ಕುಟುಂಬದಲ್ಲಿ ಪದವಿ ಪಡೆದ ಮೊದಲಿಗಳು. ನನ್ನ ಓದು ನಡೆದದ್ದು ಅಮ್ಮನ ಬೀಡಿಯಿಂದ. ಮೂವತ್ತು ವರ್ಷ ಮಡಿಲಲ್ಲಿ ಮೊರದಂಥ ತಡಪೆ ಇಟ್ಟುಕೊಂಡು ನೆಲದ ಮೇಲೆ ಕುಳಿತು ಬೀಡಿ ಕಟ್ಟಿದ ಅವಳ ಮೊಣಕಾಲುಗಳು ಕೊನೆಗೆ ಹಟ ಹಿಡಿದವು. ಶಸ್ತ್ರಚಿಕಿತ್ಸೆಯಾದ ಮೇಲೆ ವಾರಕ್ಕೆ ಎರಡು ಸಂಜೆ ಬೆಳ್ತಂಗಡಿಯ ಆಸ್ಪತ್ರೆಗೆ ಹೋಗಿ ಕಾಲಿನ ವ್ಯಾಯಾಮ ಮಾಡಿಸಿಕೊಳ್ಳಬೇಕಾಗಿತ್ತು; ತಪ್ಪಿಸಿದರೆ ಕಾಲು ಮತ್ತೆ ಸೆಟೆದುಕೊಳ್ಳುವುದೆಂದು ವೈದ್ಯರು ಎಚ್ಚರಿಸಿದ್ದರು. ರಿಕ್ಷಾದವರು ಒಳ್ಳೆಯವರೇ. ಅಮ್ಮನ ಕಂಕುಳಿಗೆ ಕೈ ಹಾಕಿ ಹತ್ತಿಸಿ, ಹಾಗೆಯೇ ಇಳಿಸುತ್ತಿದ್ದರು. ಅವಳಿಗೆ ಸಹಿಸಲಾಗದಿದ್ದುದು ಅದೊಂದೇ. ತನ್ನನ್ನು ಗೋಣಿ ಇಳಿಸಿದ ಹಾಗೆ ಇಳಿಸುತ್ತಾರೆ ಎಂದು ಒಮ್ಮೆ ಹೇಳಿ, ಮುಖ ಆ ಕಡೆಗೆ ತಿರುಗಿಸಿದ್ದಳು. ಯಾರ ಕೈಯೂ ತಾಗದೆ ತಾನೇ ಹತ್ತಿ ತಾನೇ ಇಳಿಯುವಂಥ ಒಂದು ಕಾರು ಅವಳಿಗೆ ಬೇಕಾಗಿತ್ತು.

ಗ್ಯಾರೇಜಿಗೆ ಮೊದಲ ಸಲ ಹೋದಾಗ ಅಂತರ್ಜಾಲದಿಂದ ಇಳಿಸಿದ ಒಂದು ಪಟ್ಟಿ ನನ್ನ ಕೈಯಲ್ಲಿತ್ತು. ಹೊಸದೋ ಹಳೆಯದೋ, ಪೆಟ್ರೋಲೋ ಡೀಸೆಲೋ, ಮೈಲೇಜು ಎಷ್ಟು, ಏರ್‌ಬ್ಯಾಗು ಎಷ್ಟು. ಪ್ರತಿಯೊಂದರ ಮುಂದೆ ಅಂಕ ಹಾಕಲು ಚೌಕ. ಮನೆಯಲ್ಲಿ ತುಳು ಆಡುವವಳಾದರೂ ಅಪರಿಚಿತರೆದುರು ನಾನು ಕನ್ನಡವನ್ನೇ ಆಡುತ್ತೇನೆ, ಅದೂ ಪೂರ್ತಿ ವಾಕ್ಯಗಳಲ್ಲಿ. ತಪ್ಪಿಲ್ಲದೆ ಮಾತನಾಡಿದರೆ ಯಾರೂ ಕೀಳಾಗಿ ಕಾಣುವುದಿಲ್ಲ ಎಂಬುದು ನನ್ನ ಹಳೆಯ ನಂಬಿಕೆ. ಮೋನಪ್ಪಣ್ಣ ಅದನ್ನು ಜಂಬವೆಂದು ತಿಳಿದರು. ಎಲ್ಲರನ್ನೂ ತುಳುವಿನಲ್ಲೇ ಮಾತನಾಡಿಸುತ್ತಿದ್ದ ಅವರು ನನ್ನೊಡನೆ ಕೊನೆಯವರೆಗೂ ಕನ್ನಡವನ್ನೇ ಆಡಿದರು, ದಂಡ ವಿಧಿಸಿದವರ ಹಾಗೆ.

ಪಟ್ಟಿಯನ್ನು ಎರಡು ಬೆರಳುಗಳಲ್ಲಿ ಹಿಡಿದು ಓದಿ, ಗ್ರೀಸಿನ ಗುರುತಿನೊಂದಿಗೆ ಹಿಂದಿರುಗಿಸಿದರು.

"ಎಲ್ಲ ಉಂಟು ಟೀಚರೇ. ಕೂತುಕೊಳ್ಳುವವರು ಯಾರು ಅಂತ ಮಾತ್ರ ಇಲ್ಲ."

ನಾನು ಅಮ್ಮನ ವಿಷಯ ತಿಳಿಸಿದೆ. ಹಾಗಾದರೆ ಪಟ್ಟಿಯನ್ನಲ್ಲ, ಅಮ್ಮನನ್ನು ಕರೆದುಕೊಂಡು ಬರಬೇಕು ಎಂದರು. ಅವರಿಗೊಂದು ಪದ್ಧತಿಯಿತ್ತು. ಗ್ಯಾರೇಜಿನ ಎದುರು ಹಳೆಯ ಟಯರುಗಳನ್ನು ಒಂದರ ಮೇಲೊಂದು ಪೇರಿಸಿ, ಕಾರಿನಲ್ಲಿ ಕೂರಬೇಕಾದ ಹಿರಿಯರನ್ನು ಅದರ ಮೇಲೆ ಕೂರಿಸುತ್ತಿದ್ದರು. ಎಷ್ಟು ಎತ್ತರದಿಂದ ಅವರು ತಾವಾಗಿಯೇ ಏಳುತ್ತಾರೋ ಅಷ್ಟು ಎತ್ತರದ ಸೀಟು ಇರುವ ಕಾರನ್ನೇ ಹುಡುಕಬೇಕು. ಎಂಜಿನಿನ ಮಾತು ಆಮೇಲೆ. ನನ್ನ ಅಮ್ಮ ಅಳತೆಗೆ ಇಡುವ ವಸ್ತುವಲ್ಲ ಎಂದು ಹೇಳಿ ನಾನು ಹೊರಟುಬಂದೆ. ಬಸ್ಸಿಗೆ ಕಾಯುತ್ತಿದ್ದವರೆಲ್ಲರ ಕಣ್ಣೆದುರು ಅಮ್ಮ ಟಯರಿನ ಮೇಲೆ ಏಳಲಾರದೆ ಕುಳಿತಿರುವ ದೃಶ್ಯ ನನಗೆ ಬೇಡವಾಗಿತ್ತು.

ನಮ್ಮ ಶಾಲೆಯ ದೈಹಿಕ ಶಿಕ್ಷಕರಿಗೆ ಗಲ್ಫಿನಲ್ಲಿ ಒಬ್ಬ ಭಾವ ಇದ್ದರು. ಅವರ ಕಾರು ವಿಟ್ಲದ ಮನೆಯ ಶೆಡ್ಡಿನಲ್ಲಿತ್ತು. ನಮ್ಮ ಕಡೆ 'ಗಲ್ಫಿನವರ ಕಾರು' ಎಂದರೆ ಮುಂದೆ ಏನೂ ಕೇಳುವುದಿಲ್ಲ. ವರ್ಷದಲ್ಲಿ ಒಂದು ತಿಂಗಳು ರಜೆಗೆ ಬಂದಾಗ ಮಾತ್ರ ಓಡಿದ್ದು, ಉಳಿದ ಹನ್ನೊಂದು ತಿಂಗಳು ಬಟ್ಟೆ ಹೊದ್ದು ನಿಂತದ್ದು. ಉದ್ದನೆಯ, ಬಿಳಿಯ, ಹಿಂದೆ ಡಿಕ್ಕಿ ಇರುವ ಕಾರು. ಅದನ್ನು ಶಾಲೆಯ ಗೇಟಿನೊಳಗೆ ತಂದು ನಿಲ್ಲಿಸುವುದನ್ನು ನಾನು ಆಗಲೇ ಕಲ್ಪಿಸಿಕೊಂಡಿದ್ದೆ. ಹೆಸರಿಗೊಂದು ಪರೀಕ್ಷೆ ಆಗಲಿ ಎಂದು ಮೋನಪ್ಪಣ್ಣನನ್ನು ಕರೆಸಿದೆ.

ಅವರು ಬಾನೆಟ್ ಎತ್ತಿ, ವಯರುಗಳ ನಡುವಿನಿಂದ ಇಲಿಯ ಗೂಡನ್ನು ಹಿಡಿಹಿಡಿಯಾಗಿ ತೆಗೆದು ಅಂಗಳದಲ್ಲಿ ಸಾಲಾಗಿ ಇಟ್ಟರು. ಟಯರಿಗೆ ಉಗುರು ಒತ್ತಿದರು, ಅದು ಕಲ್ಲಾಗಿತ್ತು. ನಿಂತೇ ಇದ್ದ ಕಾರು ಒಳ್ಳೆಯದೆಂದು ಯಾವ ಶಾಲೆಯಲ್ಲಿ ಕಲಿಸುತ್ತಾರೆ ಎಂದು ದೈಹಿಕ ಶಿಕ್ಷಕರನ್ನೇ ಕೇಳಿದರು. ಅವರು ಮುಖ ಗಂಟಿಕ್ಕಿಕೊಂಡರು. ಬಳಿಕ ಮೋನಪ್ಪಣ್ಣ ನನ್ನತ್ತ ಬೆನ್ನು ತಿರುಗಿಸಿಕೊಂಡೇ ಹೇಳಿದರು:

"ವಯರು ಬದಲಾಯಿಸ್ಬಹುದು, ಟಯರು ಬದಲಾಯಿಸ್ಬಹುದು. ಸೀಟು ಎತ್ತರ ಮಾಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಸ್ಟಾಫ್‌ರೂಮಿನವರಿಗೆ ತೋರಿಸ್ಲಿಕ್ಕೆ ಆದ್ರೆ ಧಾರಾಳ ತಗೊಳ್ಳಿ."

ಆ ಕೊನೆಯ ಮಾತು ನಿಜವಾಗಿತ್ತು. ಅದಕ್ಕಾಗಿಯೇ ಮರುದಿನ ಕಾರನ್ನು ಕೊಂಡೆ.

ಮೊದಲ ಸಂಜೆಯೇ ಆಸ್ಪತ್ರೆಯ ಎದುರು ಅಮ್ಮನಿಗೆ ಇಳಿಯಲಾಗಲಿಲ್ಲ. ಸೀಟು ಬಾವಿಯಂತೆ ತಗ್ಗಿನಲ್ಲಿತ್ತು. ಒಂದು ಕಾಲು ಹೊರಗೆ, ಒಂದು ಒಳಗೆ. ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಕಾವಲುಗಾರ ಒಂದು ಕಡೆಯಿಂದ, ಪರಿಚಯದ ರಿಕ್ಷಾದವರು ಇನ್ನೊಂದು ಕಡೆಯಿಂದ ಹಿಡಿದು ಎಳೆದರು. ಸೀರೆ ಮೊಣಕಾಲಿನವರೆಗೆ ಸರಿಯಿತು. ಅಮ್ಮ ಅದನ್ನು ಕೆಳಕ್ಕೆ ಎಳೆದುಕೊಂಡಳು. ಮುಂದಿನ ಬಾರಿ ಕಾಲು ಗುಣವಾಗಿದೆ, ಇನ್ನು ಆಸ್ಪತ್ರೆ ಬೇಡ ಎಂದಳು. ಕಾಲು ಗುಣವಾಗಿರಲಿಲ್ಲ. ಒಂದು ತಿಂಗಳಲ್ಲಿ ಅವಳು ಗೋಡೆ ಹಿಡಿಯದೆ ಬಚ್ಚಲಿಗೂ ಹೋಗಲಾರದಾದಳು. ಬಿಳಿಯ ಕಾರು ಅಂಗಳದಲ್ಲಿ ನಿಂತಿತ್ತು, ಅದಕ್ಕೆ ಅಭ್ಯಾಸವಾಗಿದ್ದ ಹಾಗೆ.

ಟಯರಿನ ಸಂಗತಿಯನ್ನು ಸಿಟ್ಟಿನಲ್ಲಿ ನಾನೇ ಅಮ್ಮನಿಗೆ ಹೇಳಿದ್ದೆ. ಒಂದು ಬೆಳಗ್ಗೆ ಅವಳಾಗಿಯೇ ಅದನ್ನು ಎತ್ತಿದಳು. "ಆ ಮೆಕ್ಯಾನಿಕ್ ಕೂರಿಸುವುದು ಟಯರಿನ ಮೇಲೆ ಅಲ್ವಾ, ಮುಳ್ಳಿನ ಮೇಲೆ ಅಲ್ಲವಲ್ಲ. ಹೋಗುವ."

ರಿಕ್ಷಾದಲ್ಲಿ ಬಂಟ್ವಾಳಕ್ಕೆ ಹೋದೆವು. ಅಂದು ಮೊದಲ ಬಾರಿಗೆ ಮೋನಪ್ಪಣ್ಣ ಕೆಲಸ ಬಿಟ್ಟು ತಿರುಗಿ ನಿಂತರು. ಕೈ ಒರೆಸಿಕೊಂಡರು. ಎಡಗಣ್ಣಿನ ಕೆಳಗೆ ಸುಟ್ಟ ಕಲೆಯಿದ್ದ ಸಾಮಾನ್ಯ ಮುಖ ಅದು. ಅಮ್ಮನನ್ನು 'ಅಕ್ಕ' ಎಂದು ಕರೆದು, ಅವಳ ತವರು, ಅವಳು ಕಟ್ಟಿದ ಬೀಡಿ, ಎಲ್ಲವನ್ನೂ ತುಳುವಿನಲ್ಲಿ ವಿಚಾರಿಸಿದರು. ಎರಡು ಟಯರಿನ ಮೇಲೆ ಕುಳಿತ ಅಮ್ಮನಿಗೆ ಏಳಲಾಗಲಿಲ್ಲ. ಮೂರರ ಮೇಲೆ ಅರ್ಧ ಎದ್ದು ಮತ್ತೆ ಕುಸಿದಳು. ಬಸ್ಸಿಗೆ ನಿಂತವರು ನೋಡುತ್ತಿದ್ದರು. ನಾನು ಹಿಡಿಯಲು ಹೋದಾಗ ಮೋನಪ್ಪಣ್ಣ ನನ್ನನ್ನು ಕೈಯಿಂದ ತಡೆದರು. ಮೂರರ ಮೇಲೆ ಒಂದು ಹಲಗೆ ಇಟ್ಟರು.

"ಲಕ್ಕ್‌ಲೆ ಅಕ್ಕ," ಎಂದರು. ಏಳಿ ಎಂದು.

ಅಮ್ಮ ಎದ್ದಳು. ಯಾರ ಕೈಯೂ ತಾಗಲಿಲ್ಲ.

ಅವರು ಆ ಎತ್ತರಕ್ಕೆ ಒಂದು ಪೈಪಿನ ತುಂಡನ್ನು ಕತ್ತರಿಸಿ ನನ್ನ ಕೈಗೆ ಕೊಟ್ಟು, ಇನ್ನು ಪಟ್ಟಿ ಬೇಡ, ಇದನ್ನು ಹಿಡಿದುಕೊಂಡು ಹೋಗಿ ಎಂದರು. ಪೈಪು ಹಿಡಿದು ಕಂಡವರ ಅಂಗಳಗಳಲ್ಲಿ ಕಾರಿನ ಸೀಟು ಅಳೆದೆ. ಹೊಳೆಬದಿಯ ನರಿಕೊಂಬಿನಲ್ಲೊಂದು ಸರಿಯಾಗಿ ಹೊಂದಿತು. ಮೋನಪ್ಪಣ್ಣ ಬಂದು ಅದರ ಸೀಟ್ ಬೆಲ್ಟನ್ನು ತುದಿಯವರೆಗೆ ಎಳೆದರು. ಕೊನೆಯ ಗೇಣಿನಲ್ಲಿ ಒಣಗಿದ ಕೆಸರಿನ ಗೆರೆಯಿತ್ತು. ಹೊಳೆಯ ನೆರೆ ಒಳಗೆ ಬಂದು ಹೋದ ಕಾರು. ಬೆಲ್ಟನ್ನು ಬಿಟ್ಟು ಹೊರಟರು. ಕೊನೆಗೆ ಸಿಕ್ಕಿದ್ದು ಮೂಡುಬಿದಿರೆಯ ನಿವೃತ್ತ ದಾದಿಯೊಬ್ಬರ ಕಾರು. ಡಬ್ಬಿಯಂತೆ ಉದ್ದ ಕಡಿಮೆ, ಎತ್ತರ ಹೆಚ್ಚು, ಮಾಸಿದ ಹಸಿರು ಬಣ್ಣದ್ದು. ಆರು ವರ್ಷ ದಿನವೂ ಕೆಲಸಕ್ಕೆ ಓಡಿದ್ದು. ಪ್ರತಿ ಸರ್ವಿಸಿನ ಚೀಟಿಯನ್ನೂ ಆಕೆ ಜೋಡಿಸಿಟ್ಟಿದ್ದರು. ಬಿಳಿಯದನ್ನು ಬಂದಷ್ಟಕ್ಕೆ ಕೊಟ್ಟೆ.

ಹಸಿರು ಕಾರನ್ನು ಕೊನೆಯ ತಪಾಸಣೆಗೆ ಒಯ್ದ ದಿನ ಗ್ಯಾರೇಜಿನಲ್ಲಿ ಬೇರೆ ಗಿರಾಕಿಗಳಿದ್ದರು. ಯಾವ ಕಾರು ಕೊಳ್ಳುವುದೆಂದು ಒಬ್ಬರು ಕೇಳಿದಾಗ ಮೋನಪ್ಪಣ್ಣ ನನ್ನನ್ನು ತೋರಿಸಿದರು. "ಇವರನ್ನು ಕೇಳಿ ಮಾರಾಯ್ರೆ. ಯಾವುದು ತಗೊಳ್ಳಬಾರದು ಅಂತ ಟೀಚರಷ್ಟು ಕಲಿತವರು ಮೂರು ತಾಲೂಕಿನಲ್ಲಿ ಇಲ್ಲ."

ಎಲ್ಲರೂ ನಕ್ಕರು. ಮುಂದಿನ ಸೀಟಿನಲ್ಲಿ ಕುಳಿತಿದ್ದ ಅಮ್ಮನೂ ನಕ್ಕಳು. ಕಲಿಕೆಯೊಂದೇ ನನ್ನಲ್ಲಿದ್ದ ಆಸ್ತಿ. ಅದನ್ನೇ ಆಯ್ದು ಹೊಡೆದಿದ್ದರು. ಇನ್ನೆಂದೂ ಈ ಗ್ಯಾರೇಜಿಗೆ ಕಾಲಿಡುವುದಿಲ್ಲ ಎಂದು ನಾನು ಸ್ಪಷ್ಟವಾಗಿ, ಪೂರ್ಣ ವಾಕ್ಯದಲ್ಲಿ ಹೇಳಿದೆ. ಆ ಬೆನ್ನು ಆಗಲೇ ಇನ್ನೊಂದು ಬಾನೆಟ್ಟಿಗೆ ಬಗ್ಗಿತ್ತು.

"ಕಾರು ಸರಿ ಇದ್ರೆ ಬರ್ಲಿಕ್ಕೆ ಎಂತ ಉಂಟು?"

ಅದೇ ಕೊನೆಯ ಭೇಟಿ. ಮೂರು ವರ್ಷ ಕಳೆಯಿತು. ಅಮ್ಮ ವಾರಕ್ಕೆ ಎರಡು ಸಂಜೆ ಆಸ್ಪತ್ರೆಯ ಎದುರು ತಾನೇ ಬಾಗಿಲು ತೆರೆದು, ತಾನೇ ಇಳಿದು, ಬೇಕಾದುದಕ್ಕಿಂತ ಜೋರಾಗಿ ಬಾಗಿಲು ಹಾಕುತ್ತಿದ್ದಳು. ಈ ಡಿಸೆಂಬರಿನಲ್ಲಿ ವಿಟ್ಲದ ಮದುವೆಯೊಂದರಿಂದ ಮರಳುವಾಗ, ಬಂಟ್ವಾಳದಲ್ಲಿ ನಿಲ್ಲಿಸು ಎಂದಳು. ಗ್ಯಾರೇಜಿನ ಶಟರು ಇಳಿದಿತ್ತು. ಟಯರುಗಳೊಳಗೆ ಮಳೆಗಾಲದ ನೀರು ಹಸಿರಾಗಿ ನಿಂತಿತ್ತು. ಆಟಿ ತಿಂಗಳ ಮಳೆಯಲ್ಲಿ ಎದೆನೋವೆಂದು ಹೋದ ಮೋನಪ್ಪಣ್ಣ ಆಸ್ಪತ್ರೆಯಿಂದ ಹಿಂದಿರುಗಲಿಲ್ಲ ಎಂದು ಪಕ್ಕದ ಅಂಗಡಿಯವರು ಹೇಳಿದರು.

ಅಮ್ಮ ಅಷ್ಟು ದೂರ ಒಬ್ಬಳೇ ನಡೆದು ಹೋಗಿ, ಟಯರುಗಳ ಬಳಿಯಿದ್ದ ಹಲಗೆಯನ್ನೊಮ್ಮೆ ಮುಟ್ಟಿ, ಒಬ್ಬಳೇ ಬಂದು ಸೀಟಿನಲ್ಲಿ ಕುಳಿತಳು.

"ನಾನು ಒಬ್ಬಳೇ ಇಳಿಯುತ್ತೇನೆ ಅಂತ ನೀನು ಅವರಿಗೆ ಹೇಳಿದ್ದೆಯಾ?"

ನಾನು ಕೀಲಿ ತಿರುಗಿಸಿದೆ. ಒಂದೇ ತಿರುವಿಗೆ ಎಂಜಿನ್ ಚಾಲೂ ಆಯಿತು. ಈ ಮೂರು ವರ್ಷಗಳಲ್ಲಿ ಆ ಗ್ಯಾರೇಜಿಗೆ ಹೋಗಬೇಕಾಗುವಂತೆ ಅದು ಒಮ್ಮೆಯೂ ಕೆಟ್ಟಿರಲಿಲ್ಲ.